ಈ ಎರಡೇ ಏಕೆ?

"ಬೇಕಾದರೆ ಇರು, ಬೇಡವಾದರೆ ಹೋಗು." ಕೆಲಸಗಾರನ ಕಿವಿಗೆ ಈ ಮಾತು ಹೊಸದಲ್ಲ. ಮೇಲುನೋಟಕ್ಕೆ ಇದು ಬಲು ನ್ಯಾಯದ ಮಾತು. ಯಾರೂ ಅವನನ್ನು ಕಟ್ಟಿಹಾಕಿಲ್ಲ, ದಾರಿಗಳು ಎರಡಿವೆ, ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನದೇ. ಆದರೆ ಆ ಎರಡು ದಾರಿಗಳನ್ನು ಗೊತ್ತುಮಾಡಿದವರು ಯಾರು, ಮೂರನೆಯದೊಂದು ಏಕಿರಬಾರದು ಎಂದು ಕೇಳುವ ಹಕ್ಕೂ ತನಗುಂಟೆಂಬುದನ್ನು ಅವನಿಗೆ ಯಾರೂ ತಿಳಿಸಿಕೊಡುವುದಿಲ್ಲ. ಜೂನ್ ತಿಂಗಳು ಬಂದಾಗಲೆಲ್ಲ ಈ ಪ್ರಶ್ನೆ ನಮ್ಮ ಕಾರ್ಮಿಕ ಬಂಧುಗಳಿಗೆ ನೆನಪಾಗಬೇಕು. ಮುಂಬಯಿಯ ಗಿರಣಿ ಕೆಲಸಗಾರರಿಗೆ ರವಿವಾರದ ರಜೆ ದೊರೆತದ್ದು 1890ರ ಜೂನ್ 10ರಂದು. ಅದು ದೊರೆತದ್ದು, ಕೆಲವರು ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳಿದ್ದರಿಂದ.

ವಾರಕ್ಕೊಂದು ರಜೆ ಎಂಬುದು ಮಳೆ ಬಿಸಿಲುಗಳಂತೆ ತಾನಾಗಿ ಬಂದದ್ದೆಂದು ಇಂದಿನವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಅಂದಿನ ಸ್ಥಿತಿಯೇ ಬೇರೆ. 1881ರಲ್ಲಿ ಬಂದ ಮೊದಲನೆಯ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದಿತು, ಹನ್ನೆರಡರೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ದೊಡ್ಡವರ ವಿಷಯದಲ್ಲಿ, ಗಂಡಾಗಲಿ ಹೆಣ್ಣಾಗಲಿ, ಅದು ಗಂಟೆಗಳ ಮಿತಿಯನ್ನೇ ಹಾಕಲಿಲ್ಲ. ಕೊಂಕಣದಿಂದ, ಘಟ್ಟದ ಮೇಲಿನಿಂದ ಹೊಟ್ಟೆಪಾಡಿಗಾಗಿ ಬಂದ ಆಳಿನ ಮುಂದೆ ಇದ್ದುದು ಅದೇ ಹಳೆಯ ಎರಡು ದಾರಿ: ದುಡಿಯಬೇಕು, ಇಲ್ಲವೆ ಊರಿಗೆ ಮರಳಬೇಕು.

ಆ ಕಾಲದಲ್ಲಿ ಎದ್ದು ನಿಂತವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದವರು, 'ದೀನಬಂಧು' ಪತ್ರಿಕೆಯ ಸಂಪಾದಕರು. 1884ರಲ್ಲಿ ಅವರು ಗಿರಣಿ ಕೆಲಸಗಾರರ ಸಭೆ ಕೂಡಿಸಿ, ಸುಮಾರು 5,500 ಜನರ ರುಜುಗಳುಳ್ಳ ಮನವಿಯೊಂದನ್ನು ಸಿದ್ಧಮಾಡಿಸಿದರು. ಅದರಲ್ಲಿ ಕೇಳಿದ್ದೇನು? ವಾರಕ್ಕೊಂದು ದಿನ ಬಿಡುವು. ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ. ಬೆಳಿಗ್ಗೆ ಆರೂವರೆಯಿಂದ ಸೂರ್ಯ ಮುಳುಗುವವರೆಗೆ ಮಾತ್ರ ಕೆಲಸ. ಮುಂದಿನ ತಿಂಗಳ 15ರೊಳಗೆ ಪಗಾರ. ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಪರಿಹಾರ. ಗಮನಿಸಿರಿ: "ನಮಗೆ ಈ ಕೆಲಸವೇ ಬೇಡ" ಎಂದು ಅವರು ಬರೆಯಲಿಲ್ಲ, "ನಮ್ಮ ಹಣೆಬರಹವೇ ಇಷ್ಟು" ಎಂದೂ ಬರೆಯಲಿಲ್ಲ. ಕೊಟ್ಟ ಎರಡನ್ನೂ ಬದಿಗಿಟ್ಟು ಮೂರನೆಯದನ್ನು ಕೇಳಿದರು.

ಕೇಳಿದ ಕೂಡಲೆ ಸಿಕ್ಕಲಿಲ್ಲ. ಆರು ವರ್ಷ ಹಿಡಿಯಿತು. 1890ರ ಏಪ್ರಿಲ್ 24ರಂದು ಹತ್ತು ಸಾವಿರ ಕೆಲಸಗಾರರು ನೆರೆದ ಸಭೆಯಲ್ಲಿ ಇಬ್ಬರು ಹೆಣ್ಣಾಳುಗಳು ಎದ್ದು ಮಾತನಾಡಿದರು. ಆ ಕಾಲಕ್ಕೆ ಹೆಂಗಸು ಸಭೆಯಲ್ಲಿ ಬಾಯಿ ತೆರೆಯುವುದೆಂದರೇನೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಮುಂದೆ ಎರಡು ತಿಂಗಳೊಳಗೆ ಗಿರಣಿ ಮಾಲಕರ ಸಂಘ ರವಿವಾರದ ರಜೆಗೆ ಒಪ್ಪಿತು. 1891ರ ಕಾಯಿದೆಯಲ್ಲಿ ವಾರದ ರಜೆ ಸೇರಿತು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದೇ ವರ್ಷದ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಿಂದ ಹೋಟೆಲಿನ ಆಳಿಗೂ ವಾರದ ರಜೆಯ ಹಕ್ಕು ಬಂತು. ಗಿರಣಿಯಿಂದ ಹೊರಟ ಮಾತು ಇಡ್ಲಿ ಪಾತ್ರೆಯ ಮುಂದೆ ನಿಂತ ನಮ್ಮ ಹುಡುಗನವರೆಗೆ ಬರುವುದಕ್ಕೆ ಅರ್ಧ ಶತಮಾನಕ್ಕೂ ಮೇಲೆ ಬೇಕಾಯಿತು.

ಇನ್ನೊಂದು ಉದಾಹರಣೆ ರಾತ್ರಿಶಾಲೆಯದು. "ಬಡವನ ಮಗ ದುಡಿಯಬೇಕು, ಇಲ್ಲವೆ ಓದಬೇಕು, ಎರಡೂ ಆಗದು" ಎಂಬುದು ಒಂದು ಕಾಲಕ್ಕೆ ಎಲ್ಲರೂ ಒಪ್ಪಿದ ಮಾತು. ಪುಣೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ದಂಪತಿಗಳು 1855ರಲ್ಲಿ ದುಡಿಯುವವರಿಗಾಗಿ ರಾತ್ರಿಶಾಲೆ ತೆರೆದು ಆ ಮಾತನ್ನು ಸುಳ್ಳು ಮಾಡಿದರು. ಮುಂಬಯಿಯಲ್ಲಿ ನಮ್ಮ ಹಿರಿಯರೂ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದರು. ಹಗಲೆಲ್ಲ ಮೇಜು ಒರೆಸಿ, ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಅಲ್ಲಿ ಅಕ್ಷರ ಕಲಿತು ಗುಮಾಸ್ತರಾದರು, ವಕೀಲರಾದರು, ಅಧ್ಯಾಪಕರಾದರು. ಅವರಿಗೆ ಯಾರೂ ಮೂರನೆಯ ದಾರಿಯನ್ನು ತೋರಿಸಿರಲಿಲ್ಲ. ನಮ್ಮವರೇ ಚಂದಾ ಎತ್ತಿ, ದೀಪ ಹಚ್ಚಿ, ಆ ದಾರಿಯನ್ನು ಮಾಡಿಕೊಟ್ಟರು.

ಇದೆಲ್ಲ ಹಳೆಯ ಕತೆಯೆಂದು ಸುಮ್ಮನಿರುವಂತಿಲ್ಲ. ಇಂದು ನಗರದ ಬೀದಿಬೀದಿಗಳಲ್ಲಿ ಬೆನ್ನಿಗೆ ಚೀಲ ಹೊತ್ತು, ಮನೆ ಬಾಗಿಲಿಗೆ ಊಟ ದಿನಸಿ ಮುಟ್ಟಿಸುವ ಹುಡುಗರನ್ನು ನೋಡಿರಿ. ಅವರನ್ನು ಕೆಲಸಗಾರರೆಂದು ಕರೆಯುವುದಿಲ್ಲ, 'ಪಾರ್ಟ್ನರ್' ಎನ್ನುತ್ತಾರೆ. ಬೇಕಾದಾಗ ಮೊಬೈಲಿನಲ್ಲಿ ಆಪ್ ತೆರೆ, ಬೇಡವಾದಾಗ ಮುಚ್ಚು. ನಿನ್ನ ಮೇಲೆ ಧಣಿ ಇಲ್ಲ. ಆದ್ದರಿಂದ ರಜೆಯ ಪಗಾರ, ಪ್ರಾವಿಡೆಂಟ್ ಫಂಡು ಇವುಗಳ ಮಾತೆತ್ತಬೇಡ. ಸ್ವಾತಂತ್ರ್ಯ ಬೇಕೋ, ಭದ್ರತೆ ಬೇಕೋ, ಎರಡರಲ್ಲಿ ಒಂದು! ಹೊಸ ಅಂಗಿ ತೊಟ್ಟು ಬಂದ ಹಳೆಯ ಮಾತಲ್ಲದೆ ಇದು ಮತ್ತೇನು? ಮಳೆಯಲ್ಲಿ ಬಿದ್ದು ಕಾಲು ಮುರಿದುಕೊಂಡ ಪಾಲುದಾರನಿಗೆ ಲಾಭದಲ್ಲಿ ಪಾಲಿಲ್ಲ, ನಷ್ಟ ಮಾತ್ರ ಪೂರ್ತಿ ಅವನದು. ಆದರೆ ಇಲ್ಲಿಯೂ ಮೂರನೆಯ ದಾರಿ ಇಲ್ಲದಿಲ್ಲ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇಂಥ ಕೆಲಸಗಾರರ ಹೆಸರು ಮೊದಲ ಬಾರಿಗೆ ಕಾಣಿಸಿತು. ರಾಜಸ್ಥಾನ 2023ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ ಅವರಿಗಾಗಿಯೇ ಕಾಯಿದೆ ಮಾಡಿದವು; ಕರ್ನಾಟಕದ ಕಾಯಿದೆ ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲು ಮಾಡಿ ನಿಧಿ ಕಟ್ಟಬೇಕೆಂದು ಹೇಳುತ್ತದೆ. ಕಾಯಿದೆ ಕಾಗದದಲ್ಲಿ ಉಳಿಯುವುದೋ ಕೈಗೆ ಮುಟ್ಟುವುದೋ ಎಂಬುದು ಕೆಲಸಗಾರರ ಒಗ್ಗಟ್ಟನ್ನು ಹೊಂದಿಕೊಂಡಿದೆ. ಸ್ವಾತಂತ್ರ್ಯವೂ ಭದ್ರತೆಯೂ ಒಟ್ಟಿಗೆ ಇರಲಾರವೆಂಬ ಮಾತು ಮಾತ್ರ ನಿಜವಲ್ಲವೆಂದು ಈಗಲೇ ಸಿದ್ಧವಾಗಿದೆ.

ಧಣಿಗಳ ಮಾತನ್ನು ಪ್ರಶ್ನಿಸುವವರು ತಮ್ಮ ಮನೆಯೊಳಗೂ ಒಮ್ಮೆ ಇಣಿಕಿ ನೋಡುವುದು ಒಳ್ಳೆಯದು. ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಚಾಳಿನ ಖೋಲಿಖೋಲಿಗಳಲ್ಲಿ ಈಗ ನಡೆಯುವ ಮಾತು ಯಾವುದು? ಮಗನಿಗೆ: "ಕಾಲೇಜಿಗೆ ಹಣವಿಲ್ಲ, ನಾಳೆಯಿಂದ ಕೆಲಸಕ್ಕೆ ಹೋಗು." ಮಗಳಿಗೆ: "ಎರಡು ವರ್ಷ ಬೇಕಾದರೆ ಓದು, ಆಮೇಲೆ ಮದುವೆ." ಹೊರಗೆ ಅನ್ಯಾಯವೆನಿಸಿದ ಮಾತು ಒಳಗೆ ಹಿರಿತನವೆನಿಸುತ್ತದೆ. ಹತ್ತು ಸಾವಿರ ಜನರ ಮುಂದೆ ಮಾತನಾಡಿದ ಆ ಇಬ್ಬರು ಹೆಣ್ಣುಮಕ್ಕಳ ದುಡಿಮೆ ಹೋರಾಟಗಳಿಂದಲೂ ಬಂದ ರವಿವಾರದ ದಿನವೇ ಕುಳಿತು, ಮಗಳನ್ನು ಒಂದು ಮಾತು ಕೇಳದೆ ಅವಳ ಬಾಳನ್ನು ಗೊತ್ತುಮಾಡುವುದು ನ್ಯಾಯವೆ?

ಬಡತನದ ಒತ್ತಡವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಬಾಡಿಗೆ ಕೊಡಬೇಕಾದವನಿಗೆ, ಊರಿಗೆ ಹಣ ಕಳಿಸಬೇಕಾದವನಿಗೆ ಉಪದೇಶದಿಂದ ಹೊಟ್ಟೆ ತುಂಬದು. ಕೊಟ್ಟ ಎರಡರಲ್ಲಿ ಒಂದನ್ನು ಒಪ್ಪಿಕೊಂಡವನನ್ನು ಹೇಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಒಬ್ಬನೇ ನಿಂತು "ಎರಡೂ ಬೇಡ" ಎಂದರೆ ಅವನ ಜಾಗಕ್ಕೆ ನಾಳೆ ಇನ್ನೊಬ್ಬ ಬರುತ್ತಾನೆ. ಅದಕ್ಕಾಗಿಯೇ ಸಂಘ ಬೇಕು. 5,500 ರುಜುಗಳಲ್ಲಿ ಯಾವ ಒಂದು ರುಜುವಿಗೂ ತನ್ನಷ್ಟಕ್ಕೆ ಬೆಲೆ ಇರಲಿಲ್ಲ. ಕೂಡಿದಾಗ ಮಾತ್ರ ಅದು ರಜೆಯಾಯಿತು.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಮಕ್ಕಳ ಮುಂದಿನ ದಾರಿ ಗೊತ್ತುಮಾಡುವ ಮೊದಲು ಎಲ್ಲ ದಾರಿಗಳನ್ನೂ ವಿಚಾರಿಸಿರಿ. ದುಡಿಯುತ್ತ ಓದಲು ರಾತ್ರಿಶಾಲೆಗಳು ಇಂದಿಗೂ ಇವೆ. ಕೈಕಸುಬಿಗೆ ಐ.ಟಿ.ಐ.ಗಳಿವೆ, 1961ರಲ್ಲಿ ಬಂದ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಲಿಯುವಾಗಲೇ ಭತ್ಯೆ ಸಿಗುತ್ತದೆ. ನಾಸಿಕದಲ್ಲಿ 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯದಿಂದ ಕೆಲಸ ಬಿಡದೆ ಪದವಿ ಪಡೆಯಬಹುದು. ಇವುಗಳ ಅರ್ಜಿ ತುಂಬಲು ತಿಳಿಯದಿದ್ದವರು ರವಿವಾರ ಸಂಘದ ಕಚೇರಿಗೆ ಬರಲಿ. ಓದಿದ ತರುಣ ಸದಸ್ಯರು ಆ ದಿನ ಎರಡು ಗಂಟೆ ಅಲ್ಲಿ ಕುಳಿತು ನೆರವಾಗಲಿ. ಬರುವಾಗ ಮಗನನ್ನು ಮಾತ್ರವಲ್ಲ, ಮಗಳನ್ನೂ ಕರೆತನ್ನಿರಿ. ಅವಳ ಮಾತನ್ನು ಅವಳೇ ಆಡಲಿ.

"ಇದೋ, ಅದೋ?" ಎಂದು ಯಾರಾದರೂ ಕೇಳಿದಾಗ ಉತ್ತರಿಸಲು ಅವಸರ ಬೇಡ. ಈ ಎರಡನ್ನು ಮಾಡಿದವರು ಯಾರು? ಇವೆರಡೇ ಇದ್ದರೆ ಲಾಭ ಯಾರಿಗೆ? ಮೂರನೆಯದಕ್ಕೆ ನಮ್ಮೊಡನೆ ಯಾರು ಯಾರು ಕೂಡಿಯಾರು? ಈ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳೋಣ. ಹಾಗೆ ಕೇಳಿಕೊಂಡವರಿಂದಲೇ ನಮಗೆ ರವಿವಾರ ಬಂತು. ನಮ್ಮ ಮುಂದಿನವರಿಗೆ ನಾವೂ ಏನಾದರೊಂದನ್ನು ಬಿಟ್ಟುಹೋಗಬೇಡವೆ?