ಎದುರಾಳಿಯೇ ಆಪದ್ಬಂಧು

ಸ್ಪರ್ಧೆ ಎಂಬ ಮಾತನ್ನು ಲೋಕವು ಎರಡು ಬಗೆಯಲ್ಲಿ ಅರ್ಥೈಸುತ್ತದೆ. ಎದುರಾಳಿಯನ್ನು ಕೆಡವಿ ಮೇಲೇರುವುದು ಒಂದು. ಎದುರಾಳಿಯ ಸತ್ತ್ವವನ್ನು ಕಂಡು ತನ್ನ ಸತ್ತ್ವವನ್ನು ಹೆಚ್ಚಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಬರಿಯ ಉಪದೇಶದ ಮಾತೆಂದೂ, ಹಣ ಮತ್ತು ಕೀರ್ತಿಗಳು ಹೊಕ್ಕ ವೃತ್ತಿಪರ ಕ್ರೀಡೆಯಲ್ಲಿ ಅದಕ್ಕೆ ಎಡೆಯಿಲ್ಲವೆಂದೂ ಅನೇಕರ ನಂಬಿಕೆ. ಈ ನಂಬಿಕೆಯನ್ನು ತಿಕ್ಕಿ ನೋಡಲು ತಕ್ಕ ಒರೆಗಲ್ಲೊಂದಿದೆ. ಅದು ಮಹಾಸಾಗರಗಳಲ್ಲಿ ನಡೆಯುವ ಹಾಯಿನೌಕೆಗಳ ಪಂದ್ಯ.

ತಂಡಗಳು ಹಾಯಿಗಳ ಬಲದಿಂದಲೇ ಭೂಮಿಯನ್ನು ಸುತ್ತಿಬರುವ ಪಂದ್ಯವು 1973ರಲ್ಲಿ ವಿಟ್‌ಬ್ರೆಡ್ ಎಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಮುಂದೆ ಅದು ವೋಲ್ವೊ ಸಾಗರ ಪಂದ್ಯವೆನಿಸಿತು. 2008ರ ಡಿಸೆಂಬರಿನಲ್ಲಿ ಅದರ ನೌಕೆಗಳು ನಮ್ಮ ದೇಶದ ಕೊಚ್ಚಿ ಬಂದರಿಗೂ ಬಂದುಹೋದವು. ಆಗ ಪ್ರತಿಯೊಂದು ತಂಡವೂ ತನ್ನ ನೌಕೆಯನ್ನು ತಾನೇ ರೂಪಿಸಿಕೊಳ್ಳುತ್ತಿತ್ತು. ಹೆಚ್ಚು ಹಣವುಳ್ಳವರಿಗೆ ಹೆಚ್ಚು ವೇಗದ ನೌಕೆ ದೊರೆಯುವುದು ಸಹಜವಾಗಿತ್ತು. ವೆಚ್ಚವು ಏರುತ್ತ ಹೋಗಿ 2011–12ರ ಪಂದ್ಯಕ್ಕೆ ಬಂದು ನಿಂತ ತಂಡಗಳು ಆರೇ ಆರು. ಆಗ ವ್ಯವಸ್ಥಾಪಕರು ಪದ್ಧತಿಯನ್ನೇ ಬದಲಾಯಿಸಿದರು. 2014–15ರ ಪಂದ್ಯದಲ್ಲಿ ಏಳು ತಂಡಗಳಿಗೂ ಒಂದೇ ನಕ್ಷೆಯ, 65 ಅಡಿ ಉದ್ದದ ಒಂದೇ ಬಗೆಯ ನೌಕೆಗಳು ದೊರೆತವು. ಬಂದರುಗಳಲ್ಲಿ ದುರಸ್ತಿ ಮಾಡುವ ಕುಶಲಕರ್ಮಿಗಳ ಪಡೆಯೂ, ಬಿಡಿಭಾಗಗಳ ಉಗ್ರಾಣವೂ ಎಲ್ಲರಿಗೂ ಸಮಾನವಾದವು.

ಈ ಸಮತೆಯ ಫಲ ಬೇಗನೆ ಕಂಡುಬಂದಿತು. 2014ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಅಬುಧಾಬಿಯವರೆಗಿನ ಹಂತದಲ್ಲಿ ನೌಕೆಗಳು ಐದು ಸಾವಿರಕ್ಕೂ ಹೆಚ್ಚು ಸಮುದ್ರ ಮೈಲಿಗಳನ್ನು ಕ್ರಮಿಸಿದವು. ಇಪ್ಪತ್ತಮೂರು ದಿನಗಳ ಪಯಣದ ಕೊನೆಗೆ ಮೊದಲನೆಯದಾದ ಬ್ರುನೆಲ್‌ಗೂ ಎರಡನೆಯದಾದ ಡಾಂಗ್‌ಫೆಂಗ್‌ಗೂ ಇದ್ದ ಅಂತರ ಹದಿನಾರು ನಿಮಿಷಗಳು ಮಾತ್ರ. ಅದೇ ಬಗೆಯ ನೌಕೆಗಳಲ್ಲಿ ನಡೆದ 2017–18ರ ಪಂದ್ಯದಲ್ಲಂತೂ ಭೂಮಂಡಲವನ್ನೇ ಸುತ್ತಿಬಂದ ಮೂರು ತಂಡಗಳು ಹೆಚ್ಚು ಕಡಿಮೆ ಸಮ ಅಂಕಗಳೊಡನೆ ಕಡೆಯ ಹಂತವನ್ನು ಪ್ರವೇಶಿಸಿದವು. ಅಲ್ಲಿಯವರೆಗೆ ಒಂದು ಹಂತವನ್ನೂ ಗೆದ್ದಿರದ ಡಾಂಗ್‌ಫೆಂಗ್ ಆ ಕಡೆಯ ಹಂತವನ್ನು ಗೆದ್ದು, ಅದರೊಡನೆ ಪಂದ್ಯವನ್ನೂ ಗೆದ್ದಿತು. ಸಾಧನಗಳು ಸಮಾನವಾದಾಗ ಗೆಲುವು ಮನುಷ್ಯನ ಬುದ್ಧಿ, ತಾಳ್ಮೆ ಮತ್ತು ಒಗ್ಗಟ್ಟಿನದಾಗುತ್ತದೆ. ಸೋತವನಿಗೂ ಗೆದ್ದವನ ಬಗೆಗೆ ಗೌರವ ಮೂಡುತ್ತದೆ.

ಆದರೆ ಸಮತೆಗಿಂತ ಮಿಗಿಲಾದ ಬಂಧವೊಂದು ಈ ನಾವಿಕರನ್ನು ಬೆಸೆದಿದೆ. ಅದೇ ಅಪಾಯ. ಮೇಲೆ ಹೇಳಿದ ಹಂತದಲ್ಲಿಯೇ, 2014ರ ನವೆಂಬರ್ 29ರ ರಾತ್ರಿ, ವೆಸ್ಟಾಸ್ ತಂಡದ ನೌಕೆಯು ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಜೋಸ್ ಹವಳದ ದಿಬ್ಬಗಳಿಗೆ ಅಪ್ಪಳಿಸಿತು. ನೌಕೆಯಲ್ಲಿದ್ದವರು ಒಂಬತ್ತು ಮಂದಿ. ಹಿಂದಿನಿಂದ ಬರುತ್ತಿದ್ದ ಅಲ್ವಿಮೆಡಿಕಾ ತಂಡವು ಪಂದ್ಯವನ್ನು ಬದಿಗಿಟ್ಟು ಅತ್ತ ತಿರುಗಿತು. ಒಂಬತ್ತು ಮಂದಿಯೂ ಸುರಕ್ಷಿತರೆಂದು ತಿಳಿಯುವವರೆಗೆ ಇರುಳೆಲ್ಲ ಆ ಕತ್ತಲೆಯ ಕಡಲಿನಲ್ಲಿ ಕಾದು ನಿಂತಿತು. ಎದುರಾಳಿಯ ದೀಪವು ಸಮೀಪದಲ್ಲಿದೆ ಎಂಬ ಅರಿವು, ಬಂಡೆಯ ಮೇಲೆ ಒಡೆಯುತ್ತಿರುವ ನೌಕೆಯಲ್ಲಿ ಬೆಳಗನ್ನು ಕಾಯುವವರಿಗೆ ಎಂತಹ ಧೈರ್ಯ ಕೊಟ್ಟೀತೆಂಬುದನ್ನು ವಿವರಿಸಬೇಕಾಗಿಲ್ಲ. ಮುರಿದ ಆ ನೌಕೆಯನ್ನು ಇಟಲಿಯಲ್ಲಿ ಮರಳಿ ಕಟ್ಟಲಾಯಿತು. 2015ರ ಜೂನಿನಲ್ಲಿ ವೆಸ್ಟಾಸ್ ತಂಡ ಲಿಸ್ಬನ್ನಿನಿಂದ ಮತ್ತೆ ಪಂದ್ಯವನ್ನು ಕೂಡಿಕೊಂಡಿತು.

ಇಂತಹ ನಡತೆಯು ಕೇವಲ ಹೃದಯದ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ನೆರವನ್ನೂ ನೀಡಬೇಕೆಂಬುದು ಹಾಯಿಪಂದ್ಯದ ನಿಯಮಾವಳಿಯ ಮೊಟ್ಟಮೊದಲ ನಿಯಮ. ಅದರ ಬೆನ್ನಿಗೇ ಇನ್ನೊಂದು ನ್ಯಾಯವೂ ಇದೆ: ನೆರವಿಗಾಗಿ ನಿಂತವನು ಕಳೆದುಕೊಂಡುದನ್ನು ತೀರ್ಪುಗಾರರು ಅವನಿಗೆ ಮರಳಿಸಬಹುದು.

ಒಬ್ಬೊಬ್ಬರೇ ನಾವಿಕರು ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತುವ ಫ್ರಾನ್ಸಿನ ವಾಂಡೆ ಗ್ಲೋಬ್ ಪಂದ್ಯದಲ್ಲಿ ಈ ನ್ಯಾಯವು ಉಜ್ಜ್ವಲವಾಗಿ ಬೆಳಗಿದೆ. 2009ರ ಜನವರಿಯಲ್ಲಿ ಕೇಪ್ ಹಾರ್ನ್ ಸಮೀಪದಲ್ಲಿ ಜಾನ್ ಲ ಕಾಮ್ ಎಂಬಾತನ ನೌಕೆ ಮಗುಚಿತು. ಅವನನ್ನು ಉಳಿಸಿದವನು ಪಿ.ಆರ್.ಬಿ. ಎಂಬ ನೌಕೆಯ ನಾವಿಕ ವ್ಯಾನ್ಸಾಂ ರಿಯೂ. ರಕ್ಷಣೆಯ ವೇಳೆ ಘಾಸಿಗೊಂಡ ರಿಯೂವಿನ ನೌಕೆಯ ಕೂವೆಮರ ಮುಂದೆ ಮುರಿದುಬಿದ್ದು, ಅವನು ಪಂದ್ಯವನ್ನೇ ಬಿಡಬೇಕಾಯಿತು. ಆದರೂ ತೀರ್ಪುಗಾರರು ಅವನಿಗೆ ಮೂರನೆಯ ಸ್ಥಾನವನ್ನಿತ್ತರು. 2020ರ ನವೆಂಬರ್ 30ರಂದು ಅದೇ ಪಿ.ಆರ್.ಬಿ. ಹೆಸರಿನ ನೌಕೆ ಗುಡ್‌ಹೋಪ್ ಭೂಶಿರದ ನೈರುತ್ಯಕ್ಕೆ ತುಂಡಾಯಿತು. ಅದರ ನಾವಿಕ ಕೆವಿನ್ ಎಸ್ಕೋಫಿಯೆಯನ್ನು ಅಲೆಗಳ ನಡುವಿನ ತೇಲುದೋಣಿಯಿಂದ ಮೇಲೆತ್ತಿದವನು, ಆಗ ಅರವತ್ತೊಂದು ವರ್ಷದ ಅದೇ ಲ ಕಾಮ್! ಹುಡುಕಾಟಕ್ಕಾಗಿ ದಾರಿ ಬಿಟ್ಟು ಬಂದವರಲ್ಲಿ ಯಾನಿಕ್ ಬೆಸ್ತಾವೆನ್ ಒಬ್ಬ. 2021ರ ಜನವರಿ 27ರಂದು ಗುರಿಯನ್ನು ಮೊದಲು ಮುಟ್ಟಿದವನು ಶಾರ್ಲಿ ಡಾಲಿನ್. ಕೆಲವು ಗಂಟೆಗಳ ಅನಂತರ ಬಂದ ಬೆಸ್ತಾವೆನ್‌ಗೆ ಹುಡುಕಾಟದ ಬಾಬ್ತು 10 ಗಂಟೆ 15 ನಿಮಿಷಗಳ ಕಾಲವನ್ನು ಮರಳಿಸಿದುದರಿಂದ ವಿಜಯವು ಅವನದಾಯಿತು.

ಏನೂ ತಪ್ಪು ಮಾಡದ ಡಾಲಿನ್‌ಗೆ ಇದು ಅನ್ಯಾಯವಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ತಳ್ಳಿಹಾಕುವಂತಹುದಲ್ಲ. ಆದರೆ ಸಹಜೀವಿಯ ಪ್ರಾಣಕ್ಕಾಗಿ ಕಳೆದ ಗಂಟೆಗಳು ಪಂದ್ಯದ ಗಂಟೆಗಳಲ್ಲ. ಅವನ್ನು ಪಂದ್ಯದ ಲೆಕ್ಕಕ್ಕೆ ಹಿಡಿಯುವುದೇ ಅನ್ಯಾಯ. ಡಾಲಿನ್ 2025ರಲ್ಲಿ ಅದೇ ಪಂದ್ಯವನ್ನು ಗೆದ್ದನು. ಅರ್ಹತೆಗೆ ಇನ್ನೊಂದು ಅವಕಾಶ ದೊರೆಯಿತು. ತೇಲುದೋಣಿಯಲ್ಲಿದ್ದವನಿಗೆ ಇನ್ನೊಂದು ಅವಕಾಶವಿರಲಿಲ್ಲ.

ಇದೆಲ್ಲವೂ ಭಯದಿಂದ ಹುಟ್ಟಿದ ಸ್ನೇಹ, ನಾಳೆ ತನಗೂ ನೆರವು ಬೇಕಾದೀತೆಂಬ ವ್ಯವಹಾರ ಎಂಬುದು ಇನ್ನೊಂದು ಆಕ್ಷೇಪ. ದಕ್ಷಿಣ ಶಾಂತಸಾಗರದಲ್ಲಿ ಅತಿ ಸಮೀಪದ ನೆಲವೇ 2,688 ಕಿಲೋಮೀಟರ್ ದೂರವಿರುವ ತಾಣವೊಂದುಂಟು. ಅಂತಹ ಕಡೆ ಎದುರಾಳಿಯಲ್ಲದೆ ಬೇರೆ ನೆರೆಯವನಾದರೂ ಯಾರು? ಆದರೆ ನೆರವು ಯಾವಾಗಲೂ ಕೈಗೂಡುತ್ತದೆಂದಿಲ್ಲ. 2018ರ ಮಾರ್ಚ್ 26ರಂದು ಸ್ಕ್ಯಾಲಿವ್ಯಾಗ್ ತಂಡದ ಜಾನ್ ಫಿಷರ್ ಕೇಪ್ ಹಾರ್ನ್‌ನ ಪಶ್ಚಿಮಕ್ಕೆ ಕಡಲಿನ ಪಾಲಾದನು. ಉಳಿದ ನೌಕೆಗಳು ಗಾಳಿಯ ಮುಂದಕ್ಕೆ ಸುಮಾರು 200 ಮೈಲಿ ಸಾಗಿಹೋಗಿದ್ದವು. ಆ ಬಿರುಗಾಳಿಗೆ ಎದುರಾಗಿ ಅವು ಹಿಂದಿರುಗುವಂತಿರಲಿಲ್ಲ. ಒಬ್ಬ ತಂಡದ ಸಾವು ಎಲ್ಲ ತಂಡಗಳ ಶೋಕವಾಯಿತು. ವ್ಯವಹಾರದಲ್ಲಿ ಲಾಭನಷ್ಟವಿರುತ್ತದೆ, ಶೋಕವಿರುವುದಿಲ್ಲ.

ಆದುದರಿಂದ ಈ ಪಂದ್ಯಗಳು ಕಲಿಸುವ ಪಾಠವು ಕೇವಲ ನಾವಿಕರಿಗೆ ಸೇರಿದುದಲ್ಲ. ಮಕ್ಕಳನ್ನು ಪರೀಕ್ಷೆಗೂ ಪಂದ್ಯಕ್ಕೂ ಸಿದ್ಧಗೊಳಿಸುವ ಉಪಾಧ್ಯಾಯರೂ, ಸಂಸ್ಥೆಗಳಿಗೆ ನೆರವೀಯುವ ದಾನಿಗಳೂ ಅದನ್ನು ಪರಿಭಾವಿಸಬೇಕು. ಸ್ಪರ್ಧೆಯನ್ನು ತೆಗೆದುಹಾಕುವುದರಿಂದ ಸ್ನೇಹ ಬೆಳೆಯುವುದಿಲ್ಲ. ಸ್ಪರ್ಧಿಗಳಿಗೆ ಸಮಾನ ಸಾಧನಗಳನ್ನು ಒದಗಿಸುವುದರಿಂದ ಬೆಳೆಯುತ್ತದೆ. ಪರೋಪಕಾರವನ್ನು ಬೋಧಿಸಿದರೆ ಸಾಲದು. ಪರೋಪಕಾರಿಗೆ ನಷ್ಟವಾಗದಂತೆ ನಿಯಮವನ್ನೂ ಕಟ್ಟಬೇಕು. ಹಿಂದುಳಿದ ಸಹಪಾಠಿಗೆ ಪಾಠ ಹೇಳಿಕೊಟ್ಟ ಹುಡುಗನ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಂಕಪಟ್ಟಿಯು ಇನ್ನೂ ಸಿದ್ಧವಾಗಿಲ್ಲ. ಅದನ್ನು ಸಿದ್ಧಪಡಿಸುವ ಹೊಣೆ ಹಿರಿಯರದು.