ಪುಣೆಯಲ್ಲಿ ಗಾಡಿ ಬದಲಿಸಿದ ಹುಡುಗ

ಈ ಸಂಚಿಕೆಯನ್ನು ಕಥಾ ವಿಶೇಷಾಂಕವಾಗಿ ತರುವುದೆಂದು ನಿಶ್ಚಯವಾದಾಗ, ಸಂಪಾದಕನೂ ಒಂದು ಕಥೆ ಬರೆಯಲೇಬೇಕೆಂದು ಗೆಳೆಯರು ಹಟ ಹಿಡಿದರು. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳಲ್ಲಿ ಟಿಪ್ಪಣಿ ಬರೆದ ಕೈ ನನ್ನದು, ಆದರೂ ಒಪ್ಪಿಕೊಂಡೆ. 1955ರಲ್ಲಿ ಕುಮಟೆಯ ಕಡೆಯ ಹದಿನೈದರ ಹುಡುಗನೊಬ್ಬ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಇರುಳು ರಾತ್ರಿಶಾಲೆಯಲ್ಲಿ ಓದುವ ಕಥೆ ಅದು. ನನ್ನ ಸೋದರಮಾವನದೇ ಕಥೆ ಎಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ಮೊದಲ ಕರಡನ್ನು ಓದಿದ ಮಗಳು, "ಅಪ್ಪಾ, ಆಗ ಚಹಾಕ್ಕೆ ಹತ್ತು ಪೈಸೆ ಹೇಗೆ ಕೊಟ್ಟ?" ಎಂದು ಕೇಳಿದಳು. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ನನ್ನ ಹುಡುಗನ ಜೇಬಿನಲ್ಲಿ ಇರಬೇಕಾದದ್ದು ಆಣೆ. ಅವಳು ತನ್ನ ದೂರವಾಣಿಯಲ್ಲಿ ಅದನ್ನು ಹುಡುಕಿ ತೋರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ನಾಚಿ, ಮರುದಿನದಿಂದಲೇ ಗಣಕದ ಮುಂದೆ ಕುಳಿತೆ.

ಅಂತರ್ಜಾಲದಲ್ಲಿ ಕಳೆದ ಆ ಇರುಳುಗಳು ವ್ಯರ್ಥವಾದವೆಂದು ನಾನು ಹೇಳಲಾರೆ. ನನ್ನ ಹುಡುಗ ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ ನೇರವಾಗಿ ಬೋರಿಬಂದರಿನಲ್ಲಿ ಇಳಿದುಬಿಟ್ಟಿದ್ದ. ಅದು ಸಾಧ್ಯವಿರಲಿಲ್ಲ. ಆ ಕಾಲದಲ್ಲಿ ಹುಬ್ಬಳ್ಳಿಯಿಂದ ಪುಣೆಯವರೆಗೆ ಮೀಟರ್ ಗೇಜ್, ಅಲ್ಲಿಂದ ಮುಂದೆ ಬ್ರಾಡ್ ಗೇಜ್. ಪುಣೆಯಲ್ಲಿ ಇಳಿದು ಗಾಡಿ ಬದಲಿಸಲೇಬೇಕು. ಹಳೆಯ ರೈಲ್ವೆ ನಕಾಶೆಯೊಂದರಿಂದ ದೊರೆತ ಈ ಒಂದು ಸಂಗತಿ ನನ್ನ ಕಥೆಗೆ ಇಡಿಯ ಒಂದು ರಾತ್ರಿಯನ್ನೇ ಒದಗಿಸಿತು. ಟ್ರಂಕು ಹೊತ್ತ ಹುಡುಗ, ಅಪರಿಚಿತ ಪ್ಲಾಟ್‌ಫಾರಂ, ಯಾವ ಗಾಡಿ ಎಂದು ಕೇಳಲು ಯಾರನ್ನು ನಂಬಬೇಕೆಂಬ ಅಳುಕು.

ಹುಡುಕುವ ಬಗೆಯನ್ನೂ ಕಲಿಯಬೇಕಾಯಿತು. ‘ಉತ್ತರ ಕನ್ನಡ’ ಎಂದು ಕನ್ನಡದಲ್ಲಿ ಬರೆದು ಕೇಳಿದರೆ ನನಗೆ ಸಿಕ್ಕಿದ್ದು ಪ್ರವಾಸಿ ತಾಣಗಳ ವರ್ಣನೆ. ಹಳೆಯ ದಾಖಲೆ ಬೇಕಾದರೆ ‘ಕೆನರಾ’ ಎಂದು ಇಂಗ್ಲಿಷಿನಲ್ಲಿ ಕೇಳಬೇಕು. ಅದರಲ್ಲೂ 1883ರ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿಗೆ ‘ಕೆ’ಯಿಂದ, ದಕ್ಷಿಣ ಕನ್ನಡದ ಬಗ್ಗೆ 1894ರಲ್ಲಿ ಮದ್ರಾಸಿನವರು ತಂದ ಕೈಪಿಡಿಗೆ ‘ಸಿ’ಯಿಂದ. ಕಿಟೆಲ್ಲರ ನಿಘಂಟು ಸಿಗುತ್ತದೆ. ಎಷ್ಟೋ ಹಳೆಯ ಕನ್ನಡ ಪುಸ್ತಕಗಳೂ ಇವೆ. ಆದರೆ ಬಹುಪಾಲು ಪುಟಗಳು ಬರಿಯ ಚಿತ್ರಗಳಾಗಿ ಕುಳಿತಿವೆ, ಒಳಗಿನ ಒಂದು ಪದವನ್ನು ಹುಡುಕಿ ತೆಗೆಯಲಾಗದು. ಹೆಸರುಗಳನ್ನಂತೂ ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿದ್ದಾರೆ.

ಈ ಹುಡುಕಾಟದ ನಡುವೆ, ಗೊತ್ತಿದ್ದೂ ನಾನು ಎಂದೂ ಯೋಚಿಸದಿದ್ದ ಸಂಗತಿಯೊಂದು ಎದುರಾಯಿತು. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಎಂದರೆ ಸೋದರಮಾವ ಹೊರನಾಡಿಗೆ ಬಂದವರಲ್ಲ. ತಮ್ಮ ರಾಜ್ಯದ ರಾಜಧಾನಿಗೇ ಬಂದವರು. ಅವರು ಬಂದ ಮರುವರ್ಷ ಊರೇ ರಾಜ್ಯ ಬದಲಿಸಿತು, ಇವರು ಕಪ್ಪುಬಸಿ ತೊಳೆಯುತ್ತಿದ್ದಲ್ಲಿಯೇ ಹೊರನಾಡಿಗರಾದರು. ಆ ದಿನ ಹೋಟೆಲಿನ ಹಿಂಗೋಣೆಯಲ್ಲಿ ಅವರೂ ಅವರ ಸಂಗಡಿಗರೂ ಏನು ಮಾತಾಡಿಕೊಂಡರು? ಹಿಗ್ಗಿದರೆ, ಇಲ್ಲಿ ಇನ್ನು ತಮ್ಮ ಗತಿಯೇನೆಂದು ಅಂಜಿದರೆ? ನನ್ನ ಕಥೆಯ ಜೀವ ಇರುವುದು ಅಲ್ಲಿ. ಅಲ್ಲಿಯೇ ಅಂತರ್ಜಾಲ ಕೈಕೊಟ್ಟಿತು.

ಕೈಕೊಡುವುದು ಸಹಜವೂ ಹೌದು. ಕಡತ ಹೇಗೆ ಹುಟ್ಟುತ್ತದೆಂಬುದನ್ನು ನಾನು ಬಲ್ಲೆ. ತೀರ್ಮಾನ ದಾಖಲಾಗುತ್ತದೆ, ತೀರ್ಮಾನಕ್ಕೆ ಮುಂಚಿನ ಅಳುಕು ದಾಖಲಾಗುವುದಿಲ್ಲ. ಗ್ಯಾಸೆಟಿಯರಿನಲ್ಲಿ ಬಂದರುಗಳ ವ್ಯಾಪಾರ, ಕಂದಾಯ, ಯಾವ ಜಾತಿಯವರ ಉಡುಗೆ ಉಣಿಸು ಹೇಗೆ ಎಂಬುದೆಲ್ಲ ಇದೆ; ಅದು ಆಳುವವನಿಗೆ ಬೇಕಾಗಿದ್ದ ತಿಳಿವಳಿಕೆ. ಈ ಸಂಚಿಕೆಗೆ ಬಂದ ಕಥೆಗಳಲ್ಲಿ ಒಂದೆರಡು ಇದನ್ನೇ ನೆಚ್ಚಿ ಬರೆದಂತಿದ್ದವು. ಒಂದರಲ್ಲಿ ಅಜ್ಜಿಯೊಬ್ಬಳು ಮೊಮ್ಮಗನಿಗೆ ಭತ್ತದ ತಳಿಗಳನ್ನು ಕೃಷಿ ಇಲಾಖೆಯ ವರದಿಯಂತೆ ವಿವರಿಸುತ್ತಾಳೆ! ತಪ್ಪು ಒಂದೂ ಇಲ್ಲ, ಅಜ್ಜಿಯೂ ಇಲ್ಲ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕುಳಿತು ಹನೇಹಳ್ಳಿಯ ಕಥೆಗಳನ್ನು ಬರೆದಾಗ ಅವರ ಮೇಜಿನ ಮೇಲೆ ಉಪಗ್ರಹದ ಚಿತ್ರವಿರಲಿಲ್ಲ ಎಂಬುದನ್ನು ನಮ್ಮ ತರುಣ ಕಥೆಗಾರರು ನೆನೆಯಬಹುದು.

ಸೋದರಮಾವ ತೀರಿಕೊಂಡದ್ದು 2009ರಲ್ಲಿ. ಅಲ್ಲಿಯವರೆಗೂ ಹೆಚ್ಚುಕಡಿಮೆ ಪ್ರತಿ ರವಿವಾರ ಅವರ ಮನೆಯಲ್ಲಿ ನನ್ನ ಊಟ. ರಕ್ತದೊತ್ತಡದ ಗುಳಿಗೆ ತಪ್ಪದೆ ತೆಗೆದುಕೊಂಡಿರಾ ಎಂದು ಕೇಳುತ್ತಿದ್ದೆ. ಪುಣೆಯಲ್ಲಿ ಗಾಡಿ ಬದಲಿಸಿದಿರಾ ಎಂದು ಒಮ್ಮೆಯೂ ಕೇಳಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ 1908ರಲ್ಲಿ ಆರಂಭವಾಯಿತೆಂಬುದು ನನಗೆ ಗಣಕದಲ್ಲಿ ಸಿಕ್ಕಿತು. ಹಗಲೆಲ್ಲ ದುಡಿದು ಬಂದ ಹುಡುಗರು ರಾತ್ರಿ ಹತ್ತರ ಹೊತ್ತಿಗೆ ಬೆಂಚಿನ ಮೇಲೆ ನಿದ್ದೆಯನ್ನು ಹೇಗೆ ತಡೆಯುತ್ತಿದ್ದರು ಎಂಬುದು ಸಿಗಲಿಲ್ಲ. ಕೊನೆಗೆ ನಮ್ಮ ಸಂಘದ ಹಿರಿಯರೊಬ್ಬರನ್ನು ಕೇಳಿದೆ. ಅವರು ನಕ್ಕು, "ನಿದ್ದೆ ತಡೆಯುವುದೆಂತು? ಮಾಸ್ತರರೇ ತೂಕಡಿಸುತ್ತಿದ್ದರು, ಅವರೂ ಹಗಲು ಗುಮಾಸ್ತರಲ್ಲವೆ?" ಎಂದರು. ಎಲ್ಲರ ಟ್ರಂಕೂ ಒಂದೇ ಬಣ್ಣದ್ದಾಗಿದ್ದುದರಿಂದ, ಗುರುತಿಗೆಂದು ತಮ್ಮ ತಾಯಿ ಹಿಡಿಕೆಗೆ ಹಳೆಯ ಸೀರೆಯ ಅಂಚನ್ನು ಕಟ್ಟಿಕೊಟ್ಟಿದ್ದನ್ನೂ ಹೇಳಿದರು.

ಈ ಹಿರಿಯರಿಗೆ ಈಗ ಎಂಬತ್ತೇಳು. ಈ ನಗರದ ಹಳೆಯ ಸಂಸ್ಥೆಯೊಂದು ಕೆಲವು ವರ್ಷಗಳ ಹಿಂದೆ ಕಟ್ಟಡದ ದುರಸ್ತಿಯ ಸಮಯದಲ್ಲಿ ತನ್ನ ಸಭೆಗಳ ನಡವಳಿಯ ಪುಸ್ತಕಗಳನ್ನೂ ಸ್ಮರಣ ಸಂಚಿಕೆಗಳನ್ನೂ ರದ್ದಿಗೆ ಹಾಕಿತೆಂದು ಕೇಳಿದ್ದೇನೆ. ನಾವು ಇಡದಿದ್ದುದನ್ನು ಯಾವ ಗಣಕವೂ ಹುಡುಕಿ ಕೊಡದು. ಈಗ ಕೇಳಿದ್ದಕ್ಕೆಲ್ಲ ಯಂತ್ರವೇ ಸೊಗಸಾದ ಕನ್ನಡದಲ್ಲಿ ಉತ್ತರ ರಚಿಸಿ ಕೊಡುತ್ತದೆ. ಇಲ್ಲದ ಕಡೆ ಏನನ್ನಾದರೂ ತುಂಬಿಯೂ ಕೊಟ್ಟೀತು. ನಮ್ಮ ಮೊಮ್ಮಕ್ಕಳು ಅದನ್ನೇ ಅಜ್ಜನ ಬದುಕೆಂದು ನಂಬಿಯಾರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹಳೆಯ ಪತ್ರ, ಹೋಟೆಲಿನ ಲೆಕ್ಕದ ವಹಿ, ರಾತ್ರಿಶಾಲೆಯ ಪ್ರಗತಿಪತ್ರ ನಿಮ್ಮಲ್ಲಿದ್ದರೆ ಎಸೆಯಬೇಡಿ. ರವಿವಾರ ಸಂಜೆ ಸಂಘದ ವಾಚನಾಲಯಕ್ಕೆ ತನ್ನಿ, ಪ್ರತಿ ತೆಗೆದು ಅಲ್ಲಿಯೇ ಮರಳಿಸುತ್ತೇವೆ. ಬರೆಯಲಾಗದ ಹಿರಿಯರಿದ್ದರೆ ತಿಳಿಸಿ, ನಾವೇ ಮನೆಗೆ ಬಂದು ಬರೆದುಕೊಳ್ಳುತ್ತೇವೆ. ಮುಂದಿನ ಸಂಚಿಕೆಯಿಂದ ನಾಲ್ಕು ಪುಟಗಳು ಇದಕ್ಕೇ ಮೀಸಲು.

ನನ್ನ ಕಥೆ ಈ ಸಂಚಿಕೆಯಲ್ಲಿಲ್ಲ. ಹುಡುಗ ಇನ್ನೂ ಪುಣೆಯ ನಿಲ್ದಾಣದಲ್ಲಿದ್ದಾನೆ. ಆ ವರ್ಷಗಳಲ್ಲಿ ಅಲ್ಲಿ ಗಾಡಿ ಬದಲಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನನಗೊಂದು ಕಾಗದ ಬರೆಯಿರಿ.