ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು



ಮದರಾಸಿನ ಕನ್ನಡಿಗರ ಮನೆಗಳಲ್ಲಿ ವಿಮಾನಪ್ರಯಾಣ ಈಗ ಬೆರಗಿನ ವಿಷಯವಾಗಿ ಉಳಿದಿಲ್ಲ. ಮಗ ಡಲ್ಲಾಸಿನಲ್ಲಿ, ಮಗಳು ಮ್ಯೂನಿಕ್ಕಿನಲ್ಲಿ, ಅಳಿಯ ಸಿಂಗಪುರದಲ್ಲಿ ಎನ್ನುವುದು ಮಾಂಬಲ, ಮೈಲಾಪುರ, ಅಯನಾವರದ ಬೀದಿಬೀದಿಯಲ್ಲೂ ಕೇಳಿಬರುವ ಮಾತು. ಬಾಣಂತನಕ್ಕೆಂದು ಹೋಗುವ ತಾಯಂದಿರು, ಮೊಮ್ಮಕ್ಕಳನ್ನು ನೋಡಲೆಂದು ಹೋಗುವ ನಿವೃತ್ತ ತಂದೆಯರು ನಮ್ಮ ಸಂಘದ ಸದಸ್ಯರಲ್ಲೇ ಎಷ್ಟೋ ಮಂದಿ ಇದ್ದಾರೆ. ಟಿಕೆಟ್ಟನ್ನು ಮಕ್ಕಳು ಅಲ್ಲಿಂದಲೇ ತೆಗೆದು ಕಳಿಸುತ್ತಾರೆ. ನಾವು ದಿನಾಂಕ, ಹೊತ್ತು, ವಿಮಾನ ಸಂಸ್ಥೆಯ ಹೆಸರು ಇಷ್ಟನ್ನು ನೋಡಿಕೊಂಡು, ಉಪ್ಪಿನಕಾಯಿ ಸೋರದಂತೆ ಕಟ್ಟುವ ಕೆಲಸಕ್ಕೆ ತೊಡಗುತ್ತೇವೆ. ಆ ಟಿಕೆಟ್ಟಿನಲ್ಲೇ, ಸಂಸ್ಥೆಯ ದಪ್ಪಕ್ಷರದ ಹೆಸರಿನ ಕೆಳಗೆ, ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ: ಈ ವಿಮಾನವನ್ನು ನಡೆಸುವವರು ಇಂಥವರು ಎಂದು. ಈ ತಿಂಗಳ ಅಂಕಣ ಆ ಒಂದು ಸಾಲನ್ನು ಕುರಿತದ್ದು.

ಸಂಗತಿ ಕಷ್ಟದ್ದೇನಲ್ಲ. ಮದುವೆಯ ಅಡಿಗೆಯನ್ನು ಹೆಸರಾಂತ ಭಟ್ಟರೊಬ್ಬರಿಗೆ ಒಪ್ಪಿಸುತ್ತೀರಿ, ಮುಂಗಡವನ್ನೂ ಕೊಡುತ್ತೀರಿ. ಮುಹೂರ್ತದ ದಿನ ಛತ್ರಕ್ಕೆ ಬಂದು ಒಲೆ ಹಚ್ಚುವವರು ಬೇರೊಂದು ತಂಡದವರು. ಊಟ ಚೆನ್ನಾಗಿಯೇ ಇರಬಹುದು. ಆದರೆ ಸಾರಿಗೆ ಉಪ್ಪು ಹೆಚ್ಚಾದರೆ ಯಾರನ್ನು ಕೇಳಬೇಕು? ವಿಮಾನದಲ್ಲೂ ಹೀಗೆಯೇ. ಒಂದು ಸಂಸ್ಥೆ ತನ್ನ ಹೆಸರಿನಲ್ಲಿ, ತನ್ನ ಸಂಖ್ಯೆಯಲ್ಲಿ ಟಿಕೆಟ್ ಮಾರುತ್ತದೆ. ಹಾರಿಸುವುದು ಇನ್ನೊಂದು ಸಂಸ್ಥೆ. ಇದನ್ನು ಕೋಡ್‌ಶೇರ್ ಎನ್ನುತ್ತಾರೆ. ಪ್ರತಿ ಸಂಸ್ಥೆಗೂ ಎರಡಕ್ಷರದ ಗುರುತು ಉಂಟಷ್ಟೆ. ಏರ್ ಇಂಡಿಯಾಕ್ಕೆ ಎಐ, ಲುಫ್ತಾನ್ಸಾಕ್ಕೆ ಎಲ್‌ಎಚ್, ಇಂಡಿಗೋಗೆ 6ಇ. ಒಂದೇ ವಿಮಾನಕ್ಕೆ ಎರಡು ಮೂರು ಸಂಸ್ಥೆಗಳು ತಂತಮ್ಮ ಗುರುತು ಹಚ್ಚಿಕೊಳ್ಳುವುದೇ ಈ ಏರ್ಪಾಡು. ನಿಲ್ದಾಣದ ಫಲಕದಲ್ಲಿ ಒಂದೇ ವಿಮಾನದ ಮುಂದೆ ಸಂಖ್ಯೆಗಳು ಬದಲಾಗುತ್ತಿರುವುದನ್ನು ನೀವು ನೋಡಿರಬಹುದು.

1967ರಲ್ಲಿ ಅಮೆರಿಕದ ಅಲಿಘೆನಿ ಏರ್‌ಲೈನ್ಸ್ ತನ್ನ ಸಣ್ಣ ಊರುಗಳ ಹಾರಾಟವನ್ನು ಹೆನ್ಸನ್ ಎಂಬ ಸಣ್ಣ ಕಂಪನಿಗೆ ಒಪ್ಪಿಸಿ, ಹೆಸರನ್ನು ಮಾತ್ರ ತನ್ನದಾಗಿ ಉಳಿಸಿಕೊಂಡಿತು. ದೇಶದೇಶಗಳ ನಡುವೆ ಈ ಪದ್ಧತಿ ಬೆಳೆದದ್ದು 1990ರ ಸುಮಾರಿಗೆ. ಇದರಿಂದ ನಮಗೆ ಅನುಕೂಲವೂ ಇದೆ. ಚೆನ್ನೈಯಿಂದ ನೇರ ವಿಮಾನವಿಲ್ಲದ ಯಾವುದೋ ದೂರದ ಊರಿಗೂ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು. ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಮೀನಂಬಾಕಂನಲ್ಲಿ ಒಪ್ಪಿಸಿದರೆ ಕೊನೆಯ ಊರಿನಲ್ಲಿ ಕೈಗೆ ಬರುತ್ತವೆ. 2014ರ ಜುಲೈಯಲ್ಲಿ ಏರ್ ಇಂಡಿಯಾ ಸ್ಟಾರ್ ಅಲಯನ್ಸ್ ಕೂಟವನ್ನು ಸೇರಿದ ಮೇಲೆ ನಮ್ಮವರಿಗೆ ಇಂಥ ಟಿಕೆಟ್ಟುಗಳ ಬಳಕೆ ಹೆಚ್ಚಾಯಿತು.

ಕೋಡ್‌ಶೇರ್ ಅಲ್ಲದೆ ಇನ್ನೊಂದು ಬಗೆಯೂ ಉಂಟು. ವಿಮಾನ, ಅದರ ಸಿಬ್ಬಂದಿ, ದುರಸ್ತಿ, ವಿಮೆ ಎಲ್ಲವನ್ನೂ ಸೇರಿಸಿ ಬಾಡಿಗೆಗೆ ತರುವುದು. ಇದಕ್ಕೆ ವೆಟ್ ಲೀಸ್ ಎಂದು ಹೆಸರು. ಹಳಬರಿಗೆ ನೆನಪಿರಬಹುದು. 1992ರ ಕೊನೆಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಪೈಲಟ್ಟುಗಳು ಮುಷ್ಕರ ಹೂಡಿದಾಗ ಸಂಸ್ಥೆ ಉಜ್ಬೇಕಿಸ್ತಾನದಿಂದ ಟಿಯು-154 ವಿಮಾನವನ್ನು ಸಿಬ್ಬಂದಿಸಮೇತ ತಂದಿತು. 1993ರ ಜನವರಿ 9ರಂದು ಹೈದರಾಬಾದಿನಿಂದ ಹೊರಟ ಆ ವಿಮಾನ ದೆಹಲಿಯಲ್ಲಿ ಮಂಜಿನ ನಡುವೆ ಇಳಿಯುವಾಗ ಮಗುಚಿ ಬಿದ್ದಿತು. ಒಳಗಿದ್ದ 165 ಮಂದಿಯೂ ಬದುಕಿ ಬಂದದ್ದು ದೈವಕೃಪೆ. ಅವರೆಲ್ಲ ಕೊಂಡದ್ದು ಇಂಡಿಯನ್ ಏರ್‌ಲೈನ್ಸ್ ಟಿಕೆಟ್. ಇತ್ತೀಚೆಗೆ 2023ರಲ್ಲಿ ಇಂಡಿಗೋ ಟರ್ಕಿಯ ಸಂಸ್ಥೆಯಿಂದ ಬೋಯಿಂಗ್ 777 ವಿಮಾನಗಳನ್ನು ಇದೇ ರೀತಿ ತಂದು ಇಸ್ತಾಂಬುಲ್ಲಿಗೆ ಓಡಿಸಿತು. 2025ರ ಮೇ ತಿಂಗಳಲ್ಲಿ ಆ ದೇಶದೊಡನೆ ನಮ್ಮ ಸಂಬಂಧ ಕೆಟ್ಟಾಗ ಸರ್ಕಾರ ಆ ಬಾಡಿಗೆಗೆ ಮೂರು ತಿಂಗಳ ಗಡುವು ಹಾಕಿತು. ಬಳಿಕ ಗಡುವನ್ನೇ ಮುಂದೂಡಿತು. ಟಿಕೆಟ್ ಕೊಂಡವರಿಗೆ ಈ ರಾಜಕೀಯವೆಲ್ಲ ತಮ್ಮ ಪ್ರಯಾಣಕ್ಕೆ ತಗುಲಿಕೊಂಡಿದೆ ಎಂದು ಗೊತ್ತಾದದ್ದು ಪತ್ರಿಕೆ ಓದಿದ ಮೇಲೆ.

ನಮ್ಮ ಊರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಅಲಯನ್ಸ್ ಏರ್ ಇದೆ. 1996ರಲ್ಲಿ ಇಂಡಿಯನ್ ಏರ್‌ಲೈನ್ಸಿನ ಮರಿಸಂಸ್ಥೆಯಾಗಿ ಹುಟ್ಟಿದ ಇದು, ಬಹುಕಾಲ ಹಿರಿಯಣ್ಣನ ಹೆಸರಿನಲ್ಲೇ ಹಾರಿತು. ಏರ್ ಇಂಡಿಯಾ ಎಂದು ಟಿಕೆಟ್ ಕೊಂಡವರು ದೊಡ್ಡ ವಿಮಾನವನ್ನು ನಿರೀಕ್ಷಿಸಿ ಹೋದರೆ, ನಿಂತಿರುತ್ತಿದ್ದುದು ಎರಡು ಪಂಖಗಳ, ಹಿಂಬದಿಯಿಂದ ಹತ್ತುವ, ಸುಮಾರು 70 ಸೀಟಿನ ಎಟಿಆರ್. 2019ರ ನವೆಂಬರಿನಲ್ಲಿ ಚೆನ್ನೈಯಿಂದ ಯಾಳ್ಪಾಣಕ್ಕೆ, ಅಂದರೆ ಜಾಫ್ನಾಕ್ಕೆ, ನಿಯತ ಸಂಚಾರ ಆರಂಭಿಸಿದ್ದೂ ಇದೇ ಸಂಸ್ಥೆ. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಅವರ ಕೈಸೇರಿತು. ಅಲಯನ್ಸ್ ಏರ್ ಸರ್ಕಾರದ ಬಳಿಯೇ ಉಳಿಯಿತು. ಏಪ್ರಿಲ್ 15ರಿಂದ ಇಬ್ಬರ ಬುಕಿಂಗ್ ವ್ಯವಹಾರ ಬೇರೆಬೇರೆಯಾಯಿತು. ಅಂದಿನಿಂದ ಅಲಯನ್ಸ್ ಏರ್ ಪ್ರಯಾಣದ ವಿಚಾರಕ್ಕೆ ಏರ್ ಇಂಡಿಯಾದ ಬಾಗಿಲು ತಟ್ಟಿ ಉಪಯೋಗವಿಲ್ಲ ಎಂದಾಯಿತು. ಅಣ್ಣತಮ್ಮಂದಿರು ಪಾಲಾದಾಗ ನೆಂಟರು ಯಾರ ಮನೆಗೆ ಹೋಗಬೇಕೆಂದು ತಬ್ಬಿಬ್ಬಾಗುವುದಿಲ್ಲವೇ, ಹಾಗೆ.

ಇದಕ್ಕೆ ವಿರುದ್ಧವಾದದ್ದು ವಿಸ್ತಾರಾ ಕಥೆ. 2024ರ ನವೆಂಬರ್ 11ಕ್ಕೆ ಆ ಹೆಸರಿನ ಹಾರಾಟ ಮುಗಿದು, ಮರುದಿನದಿಂದ ಅದೇ ವಿಮಾನ, ಅದೇ ಸಿಬ್ಬಂದಿ ಏರ್ ಇಂಡಿಯಾ ಎಂದು ಹಾರಿದರು. ಗುರುತು ಸಿಗಲೆಂದು ಆ ಹಾರಾಟಗಳಿಗೆ 2ರಿಂದ ಆರಂಭವಾಗುವ ನಾಲ್ಕಂಕಿಯ ಸಂಖ್ಯೆ ಕೊಟ್ಟಿದ್ದರು. ಮೊದಲೇ ತಿಳಿಸಿದ್ದರಿಂದ ಜನ ಹೆಚ್ಚು ಗೊಂದಲಪಡಲಿಲ್ಲ.

ಹೆಸರು ಬದಲಾದರೆ ಮುಳುಗಿಹೋಗುವುದೇನು ಎಂದು ಕೇಳುವವರಿಗೆ ಎರಡು ದುರಂತಗಳನ್ನು ನೆನಪಿಸಬೇಕು. 2004ರ ಜನವರಿ 3ರಂದು ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಿಂದ ಹೊರಟ ಫ್ಲಾಶ್ ಏರ್‌ಲೈನ್ಸ್ ವಿಮಾನ ಸಮುದ್ರಕ್ಕೆ ಬಿದ್ದು 148 ಮಂದಿ ತೀರಿಕೊಂಡರು. ಹೆಚ್ಚಿನವರು ಪ್ರವಾಸಿ ಏಜೆಂಟರ ಮೂಲಕ ಹೋಗಿದ್ದ ಫ್ರೆಂಚರು. ಈ ಸಂಸ್ಥೆಯನ್ನು ಸ್ವಿಟ್ಜರ್ಲೆಂಡ್ 2002ರಲ್ಲೇ ತನ್ನ ನೆಲಕ್ಕೆ ಬಾರದಂತೆ ತಡೆದಿತ್ತೆಂಬುದು ಜನಕ್ಕೆ ತಿಳಿದದ್ದು ಆಮೇಲೆ. 2005ರಲ್ಲಿ ಯೂರೋಪಿನವರು ಕಾನೂನು ಮಾಡಿ, ಯಾರು ವಿಮಾನ ಹಾರಿಸುತ್ತಾರೆಂಬುದನ್ನು ಪ್ರಯಾಣಿಕನಿಗೆ ಹೇಳಲೇಬೇಕೆಂದು ಕಟ್ಟುಮಾಡಿದರು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ವಿಮಾನವೊಂದು ಮನೆಯ ಮೇಲೆ ಬಿದ್ದು 50 ಮಂದಿ ಸತ್ತರು. ಟಿಕೆಟ್ ಕಾಂಟಿನೆಂಟಲ್ ಹೆಸರಿನದು. ಹಾರಿಸಿದ್ದು ಕೋಲ್ಗನ್ ಏರ್ ಎಂಬ ಸಣ್ಣ ಸಂಸ್ಥೆ. ಸತ್ತವರ ಮನೆಯವರು ಪಟ್ಟುಹಿಡಿದು ಹೋರಾಡಿದ್ದರಿಂದ 2010ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ನಡೆಸುವವರ ಹೆಸರನ್ನು ಟಿಕೆಟ್ ಹುಡುಕುವ ಮೊದಲ ಪುಟದಲ್ಲೇ ತೋರಿಸಬೇಕೆಂಬುದು ಅದರಲ್ಲಿ ಒಂದು ವಿಧಿ. ನಾವು ಕಣ್ಣುಹಾಯಿಸಿ ಬಿಡುವ ಆ ಸಣ್ಣಕ್ಷರದ ಸಾಲಿನ ಹಿಂದೆ ಇಷ್ಟು ಜನರ ಕಣ್ಣೀರಿದೆ.

ದೇವರ ದಯದಿಂದ ನಮ್ಮ ನಿಮ್ಮ ತೊಂದರೆಗಳು ಅಷ್ಟು ದೊಡ್ಡವಲ್ಲ. ನನಗೆ ಪರಿಚಯದ ಹಿರಿಯ ದಂಪತಿಗಳು ಮಗಳ ಮನೆಗೆಂದು ಹೊರಟಿದ್ದರು. ಯಾವ ಸಂಸ್ಥೆಗಳೆಂದು ಹೆಸರಿಸುವುದು ಬೇಡ. ಟಿಕೆಟ್ ಒಬ್ಬರದು, ಎರಡನೆಯ ವಿಮಾನ ಇನ್ನೊಬ್ಬರದು. ಗಾಲಿಕುರ್ಚಿ ಬೇಕೆಂದು ಮೊದಲ ಸಂಸ್ಥೆಗೆ ಹೇಳಿದ್ದು ಎರಡನೆಯದಕ್ಕೆ ತಲುಪಿರಲಿಲ್ಲ. ಮಂಡಿನೋವಿನ ಆ ತಾಯಿ ಪರದೇಶದ ನಿಲ್ದಾಣದಲ್ಲಿ ಗೋಡೆ ಹಿಡಿದುಕೊಂಡು ನಡೆದರು. ಕೊನೆಗೆ ನೋಡಿದರೆ ಒಂದು ಪೆಟ್ಟಿಗೆಯೂ ಇಲ್ಲ. ಅದರಲ್ಲಿ ಮಗಳ ಬಾಣಂತನದ ಔಷಧಿ, ಅಂಟಿನುಂಡೆ, ಮಗುವಿಗೆಂದು ಹೊಲಿದ ಹಳೆ ಸೀರೆಯ ಕೌದಿ. ಹಾರಿಸಿದವರು "ಟಿಕೆಟ್ ಮಾರಿದವರನ್ನು ಕೇಳಿ" ಎಂದರು. ಮಾರಿದವರು "ಹಾರಿಸಿದವರನ್ನು ಕೇಳಿ" ಎಂದರು. ಹನ್ನೊಂದು ದಿನ ಈ ಚೆಂಡಾಟ ನಡೆಯಿತು. ಪೆಟ್ಟಿಗೆ ಬಂದಾಗ ಮಗುವಿನ ನಾಮಕರಣ ಆಗಿಹೋಗಿತ್ತು.

ಈ ಚೆಂಡಾಟಕ್ಕೆ ಕಾನೂನಿನ ಬೆಂಬಲವಿಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಒಪ್ಪಂದ ಮಾಡಿಕೊಂಡವನು ಒಬ್ಬ, ನಿಜವಾಗಿ ಸಾಗಿಸುವವನು ಇನ್ನೊಬ್ಬ ಆದಾಗ ಹೊಣೆ ಯಾರದೆಂಬ ಪ್ರಶ್ನೆಗೆ 1961ರಲ್ಲೇ ಮೆಕ್ಸಿಕೋದ ಗ್ವಾದಲಹಾರದಲ್ಲಿ ರಾಷ್ಟ್ರಗಳು ಕೂಡಿ ಉತ್ತರ ಬರೆದವು. ಅದೇ ನಿಯಮ 1999ರ ಮಾಂಟ್ರಿಯಲ್ ಒಪ್ಪಂದದಲ್ಲೂ ಬಂತು. ಭಾರತ 2009ರಲ್ಲಿ ಅದಕ್ಕೆ ಸೇರಿತು. ಅದರ ಸಾರ ಹೀಗಿದೆ: ಟಿಕೆಟ್ ಮಾರಿದವನು ಇಡೀ ಪ್ರಯಾಣಕ್ಕೆ ಹೊಣೆ, ಹಾರಿಸಿದವನು ತಾನು ಹಾರಿಸಿದ ಭಾಗಕ್ಕೆ ಹೊಣೆ. ಇಬ್ಬರಲ್ಲಿ ಯಾರ ಮೇಲಾದರೂ, ಇಬ್ಬರ ಮೇಲೂ ಬೇಕಾದರೆ, ಪರಿಹಾರ ಕೇಳುವುದು ಪ್ರಯಾಣಿಕನ ಇಷ್ಟ. ಒಬ್ಬರಿಗೆ ಕೊಟ್ಟ ದೂರು ಇನ್ನೊಬ್ಬರಿಗೂ ಕೊಟ್ಟಂತೆಯೇ ಲೆಕ್ಕ. ಆದರೆ ದೂರು ಬರವಣಿಗೆಯಲ್ಲಿರಬೇಕು. ಪೆಟ್ಟಿಗೆ ಕೆಟ್ಟು ಬಂದಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ. ನ್ಯಾಯಾಲಯಕ್ಕೆ ಹೋಗುವುದಿದ್ದರೆ 2 ವರ್ಷದೊಳಗೆ. ಬಾಯಿಮಾತಿನ ಜಗಳಕ್ಕೆ ಅಲ್ಲಿ ಬೆಲೆಯಿಲ್ಲ.

ಇನ್ನೊಂದು ಸೂಕ್ಷ್ಮ. ಯೂರೋಪಿನ 2004ರ ನಿಯಮದಂತೆ ದೂರದ ಹಾರಾಟ ವಿಪರೀತ ತಡವಾದರೆ ಅಥವಾ ರದ್ದಾದರೆ, ಸಂಸ್ಥೆಯ ಕೈಮೀರಿದ ಕಾರಣವಿಲ್ಲದಿದ್ದಲ್ಲಿ, 600 ಯೂರೋವರೆಗೆ ಪರಿಹಾರ ಉಂಟು. ಆದರೆ ಭಾರತದಿಂದ ಅಲ್ಲಿಗೆ ಹೋಗುವಾಗ ಈ ಹಕ್ಕು ಸಿಗುವುದು ಹಾರಿಸುವವರು ಯೂರೋಪಿನವರಾಗಿದ್ದರೆ ಮಾತ್ರ. ಟಿಕೆಟ್ಟಿನ ಮೇಲೆ ಜರ್ಮನ್ ಹೆಸರಿದ್ದು, ದೆಹಲಿಯಿಂದ ಹಾರಿಸುವವರು ಭಾರತದವರಾದರೆ ಆ ನಿಯಮ ಅನ್ವಯಿಸದು. ಅಲ್ಲಿಂದ ಹೊರಡುವಾಗಲಾದರೋ ಯಾರು ಹಾರಿಸಿದರೂ ಅನ್ವಯಿಸುತ್ತದೆ.

ಆದ್ದರಿಂದ ಪ್ರಯಾಣಕ್ಕೆ ಹೊರಡುವ ನಮ್ಮ ಹಿರಿಯರೂ, ಅವರಿಗೆ ಟಿಕೆಟ್ ತೆಗೆಯುವ ಮಕ್ಕಳೂ ಈ ಕೆಲವು ಮಾತುಗಳನ್ನು ಗಮನಿಸಲಿ.

ಟಿಕೆಟ್ ಕೊಳ್ಳುವ ಮುನ್ನ "ಹಾರಿಸುವವರು ಯಾರು?" ಎಂದು ಕೇಳಿ. ಕೋಡ್‌ಶೇರ್ ಆಗಿದ್ದರೆ ಎರಡು ಸಂಸ್ಥೆಗಳಿಗೂ ಬೇರೆಬೇರೆ ಪಿಎನ್ಆರ್ ಸಂಖ್ಯೆ ಇರಬಹುದು; ಎರಡನ್ನೂ ಬರೆದಿಟ್ಟುಕೊಳ್ಳಿ. ಸೀಟು, ಊಟ, ಗಾಲಿಕುರ್ಚಿ ಈ ಮೂರನ್ನೂ ಹಾರಿಸುವ ಸಂಸ್ಥೆಗೇ ಫೋನು ಮಾಡಿ ಖಚಿತಪಡಿಸಿಕೊಳ್ಳಿ. ಊಟದ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಒಂದು ಹೆಸರಿನಿಂದ. "ಹಿಂದೂ ಊಟ" ಎಂದರೆ ಸಸ್ಯಾಹಾರವಲ್ಲ; ಗೋಮಾಂಸವಿಲ್ಲ ಎಂದಷ್ಟೇ ಅದರ ಅರ್ಥ, ಕೋಳಿಯೋ ಕುರಿಯೋ ಇರಬಹುದು. ನಮ್ಮ ಬಗೆಯ ಸಸ್ಯಾಹಾರ ಬೇಕಾದರೆ "ಏಷಿಯನ್ ವೆಜಿಟೇರಿಯನ್" ಎಂದು ಹೇಳಬೇಕು.

ಸಾಮಾನಿನ ತೂಕವನ್ನು ಟಿಕೆಟ್ಟಿನಲ್ಲಿ ಬರೆದಿರುವಂತೆ ನೋಡಿ. ಒಂದು ಸಂಸ್ಥೆಯಲ್ಲಿ ಹಿಂದೆ ಎಷ್ಟು ಒಯ್ದಿದ್ದಿರಿ ಎಂಬುದು ಇನ್ನೊಂದರಲ್ಲಿ ನಡೆಯದು. ಚಿಕ್ಕ ವಿಮಾನವಾದರೆ ಕೈಚೀಲಕ್ಕೂ ಜಾಗ ಕಡಿಮೆ. ಔಷಧಿಗಳು ಯಾವಾಗಲೂ ಕೈಚೀಲದಲ್ಲೇ ಇರಲಿ. ಪೆಟ್ಟಿಗೆಗೆ ಕಟ್ಟುವ ಚೀಟಿಯಲ್ಲಿ ಕೊನೆಯ ಊರಿನ ಗುರುತಿದೆಯೇ ಎಂದು ಕೌಂಟರಿನಲ್ಲೇ ನೋಡಿ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮುನ್ನ, ಕೊನೆಯ ವಿಮಾನ ಹಾರಿಸಿದವರ ಮೇಜಿನಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ.

ಮೀನಂಬಾಕಂನಲ್ಲಿ ಈಗ ದೇಶದೊಳಗಿನ ಪ್ರಯಾಣಕ್ಕೇ ಒಂದಕ್ಕಿಂತ ಹೆಚ್ಚು ಟರ್ಮಿನಲ್‌ಗಳಿವೆ. 2023ರ ಏಪ್ರಿಲ್ 8ರಂದು ಉದ್ಘಾಟನೆಯಾದ ಹೊಸ ಕಟ್ಟಡ ವಿದೇಶಯಾನದವರಿಗೆ. ಯಾವ ಬಾಗಿಲಿಗೆ ಆಟೋ ನಿಲ್ಲಿಸಬೇಕೆಂಬುದನ್ನು ತೀರ್ಮಾನಿಸುವುದು ಹಾರಿಸುವವರ ಹೆಸರೇ ಹೊರತು ಮಾರಿದವರದಲ್ಲ. ನಡುರಾತ್ರಿ ಬರುವ ಮೊಮ್ಮಕ್ಕಳನ್ನು ಕರೆತರಲು ಹೋಗುವ ಅಜ್ಜಂದಿರಿಗೂ ಇದೇ ಮಾತು: ಹಾರಿಸುವವರ ಸಂಖ್ಯೆಯನ್ನು ಕೇಳಿಟ್ಟುಕೊಂಡರೆ ಫಲಕದ ಮುಂದೆ ಕತ್ತು ನೋಯಿಸಿಕೊಳ್ಳಬೇಕಾಗಿಲ್ಲ.

"ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ" ಎಂಬ ಗಾದೆಯನ್ನು ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವುದು ಅನ್ಯಾಯವಾದೀತು. ಎಷ್ಟೋ ಸಲ ಹಾರಿಸುವವರೇ ಮಾರಿದವರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕೇಳಬೇಕಾದ್ದನ್ನು ಕೇಳಿ, ಬರೆದಿಡಬೇಕಾದ್ದನ್ನು ಬರೆದಿಟ್ಟು ಹೊರಟರೆ ಸಾಕು. ನಿಮ್ಮಲ್ಲಿ ಯಾರಿಗಾದರೂ ಇಂಥ ಪ್ರಯಾಣದ ಅನುಭವವಿದ್ದರೆ, ಸಿಹಿಯೋ ಕಹಿಯೋ, ಸಂಘದ ವಿಳಾಸಕ್ಕೆ ನಾಲ್ಕು ಸಾಲು ಬರೆದು ಕಳಿಸಿ. ಇತರ ಸದಸ್ಯರಿಗೆ ಉಪಯೋಗವಾಗುವಂಥವನ್ನು ಬರುವ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.